ಕಬಡ್ಡಿಯಲ್ಲಿ ಆಟಗಾರನ ಅಂಕಿ-ಅಂಶಗಳು: ವ್ಯಾಖ್ಯೆ ಮತ್ತು ವಿವೇಚನೆ

ತೆಂಗಿನಕಾಯಿಯನ್ನು ಎಣಿಸಿ ಮಾರುವುದುಂಟು. ಕೊಬ್ಬರಿಯನ್ನಾದರೋ ತೂಗಿಯೇ ಮಾರಬೇಕು. ನೂರು ಸಣ್ಣ ಕಾಯಿಗಳನ್ನು ಬಿಡುವ ಮರವೂ ಎಪ್ಪತ್ತು ದಪ್ಪ ಕಾಯಿಗಳನ್ನು ಬಿಡುವ ಮರವೂ ಒಂದೇ ತೋಟದಲ್ಲಿದ್ದರೆ, ಎಣಿಕೆಯ ಲೆಕ್ಕದಲ್ಲಿ ಮೊದಲನೆಯದು ಮೇಲೆನಿಸುತ್ತದೆ. ತೂಕದ ಲೆಕ್ಕದಲ್ಲಿ ಎರಡನೆಯದು ಮೇಲೆನಿಸಬಹುದು. ಸಂಪಿಗೆಯ ಸುತ್ತಣ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಅದೇ ಸೀಮೆಯ ಮೈದಾನದಲ್ಲಿ ಕಬಡ್ಡಿ ಪಂದ್ಯ ಮುಗಿದು, ಹೆಚ್ಚು ಅಂಕ ಗಳಿಸಿದವನೇ ಉತ್ತಮ ಆಟಗಾರನೆಂದು ತೀರ್ಮಾನಿಸುವ ಹೊತ್ತಿಗೆ ಈ ವಿವೇಕವು ಮರೆಯಾಗುವುದನ್ನು ಕಾಣುತ್ತೇವೆ. ಆಟಗಾರನ ಹೆಸರಿನ ಮುಂದೆ ಬರೆಯುವ ಅಂಕಿಯು ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಇದು ಬರಿಯ ಶಾಸ್ತ್ರದ ಪ್ರಶ್ನೆಯಲ್ಲ. ಹಳ್ಳಿಯ ಹುಡುಗನ ಆಟವನ್ನು ಆಯ್ಕೆ ಮಾಡುವವರೆಲ್ಲರೂ ಕಣ್ಣಾರೆ ಕಂಡಿರುವುದಿಲ್ಲ. ಅನೇಕ ವೇಳೆ ಅವರ ಕೈಸೇರುವುದು ಅಂಕಪಟ್ಟಿ ಮಾತ್ರ.

ಮೊದಲು 'ಒಂದು ಅಂಕ' ಎಂಬುದರ ಅರ್ಥವನ್ನು ನೋಡೋಣ. ದಾಳಿಗೆ ಹೋದವನು ಎದುರಾಳಿಯನ್ನು ಮುಟ್ಟಿ ಹಿಂದಿರುಗಿದರೆ, ಮುಟ್ಟಿದ ಒಬ್ಬೊಬ್ಬನಿಗೆ ಒಂದೊಂದು ಅಂಕ. ಎದುರು ಅಂಕಣದಲ್ಲಿ ಆರು ಅಥವಾ ಏಳು ಮಂದಿಯಿರುವಾಗ ಬೋನಸ್ ಗೆರೆಯನ್ನು ನಿಯಮದಂತೆ ದಾಟಿದರೆ ಒಂದು ಅಂಕ. ದಾಳಿಗಾರನನ್ನು ಹಿಡಿದು ನಿಲ್ಲಿಸಿದರೆ ಹಿಡಿದ ತಂಡಕ್ಕೆ ಒಂದು ಅಂಕ; ಹಿಡಿದ ತಂಡದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದರೆ ಮತ್ತೊಂದು ಅಂಕ ಸೇರುತ್ತದೆ. ಇದನ್ನು ಸೂಪರ್ ಟ್ಯಾಕಲ್ ಎನ್ನುತ್ತಾರೆ.

ಪಟ್ಟಿಯಲ್ಲಿ ಈ ಅಂಕಗಳೆಲ್ಲವೂ ಸಮಾನ, ಆಟದಲ್ಲಿ ಸಮಾನವಲ್ಲ. ಮುಟ್ಟಿ ಪಡೆದ ಅಂಕವು ಎದುರಾಳಿಯೊಬ್ಬನನ್ನು ಹೊರಗೆ ಕಳುಹಿಸುತ್ತದೆ, ಔಟಾಗಿ ಕುಳಿತಿದ್ದ ತನ್ನ ತಂಡದವನೊಬ್ಬನನ್ನು ಒಳಗೆ ಕರೆತರುತ್ತದೆ. ಬೋನಸ್ ಅಂಕವು ಯಾರನ್ನೂ ಹೊರಗೆ ಕಳುಹಿಸದು, ಯಾರನ್ನೂ ಒಳಗೆ ತಾರದು. ಆದುದರಿಂದ ಹತ್ತು ಅಂಕ ಗಳಿಸಿದ ಇಬ್ಬರು ದಾಳಿಗಾರರಲ್ಲಿ ಒಬ್ಬನ ಅಂಕಗಳು ಬಹುಪಾಲು ಬೋನಸ್ಸಿನಿಂದಲೂ ಮತ್ತೊಬ್ಬನವು ಬಹುಪಾಲು ಮುಟ್ಟಿದುದರಿಂದಲೂ ಬಂದಿದ್ದರೆ, ಅವರು ತಂಡಕ್ಕೆ ಮಾಡಿದ ಉಪಕಾರವು ಒಂದೇ ತೂಕದ್ದಲ್ಲ.

ಇನ್ನು ದಾಳಿಗಾರನನ್ನೂ ರಕ್ಷಕನನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದೇ ಎಂಬುದು. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಯಿತು. ಅದರ ಐದನೆಯ ಆವೃತ್ತಿಯಲ್ಲಿ, 2017ರಲ್ಲಿ, ಪರ್ದೀಪ್ ನರ್ವಾಲ್ ಅವರು 369 ದಾಳಿ ಅಂಕಗಳನ್ನು ಗಳಿಸಿದರು. ಆರನೆಯ ಆವೃತ್ತಿಯಲ್ಲಿ, 2018-19ರಲ್ಲಿ, ನಿತೇಶ್ ಕುಮಾರ್ ಅವರು ಒಂದೇ ಆವೃತ್ತಿಯಲ್ಲಿ ನೂರು ಹಿಡಿತದ ಅಂಕಗಳನ್ನು ಮುಟ್ಟಿದ ಮೊದಲ ರಕ್ಷಕರೆನಿಸಿದರು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಮೊದಲನೆಯವರು ಮೂರೂವರೆ ಪಾಲು ಮೇಲೆಂದರೆ ತಪ್ಪಾಗುತ್ತದೆ. ತಂಡದ ದಾಳಿಗಳು ಮುಖ್ಯವಾಗಿ ಇಬ್ಬರು ಮೂವರಿಗೆ ಹಂಚಿಹೋಗುತ್ತವೆ. ಒಂದೇ ದಾಳಿಯಲ್ಲಿ ಹಲವು ಅಂಕಗಳು ಬರಬಹುದು. ಹಿಡಿತದ ಅವಕಾಶವಾದರೋ ಅಂಕಣದಲ್ಲಿರುವ ಎಲ್ಲರಿಗೂ ಹಂಚಿಹೋಗುತ್ತದೆ. ಒಂದು ಹಿಡಿತಕ್ಕೆ ಸಾಮಾನ್ಯವಾಗಿ ಒಂದೇ ಅಂಕ. ಅವಕಾಶಗಳು ಸಮಾನವಲ್ಲದೆಡೆ ಫಲಗಳನ್ನು ಹೋಲಿಸಲಾಗದು.

ಹಿಡಿತದ ಲೆಕ್ಕದಲ್ಲಿ ಇನ್ನೊಂದು ತೊಡಕುಂಟು. ಮೂಲೆಯಲ್ಲಿ ನಿಂತ ರಕ್ಷಕನು ದಾಳಿಗಾರನ ಪಾದವನ್ನು ಹಿಡಿಯುತ್ತಾನೆ. ಪಕ್ಕದವನು ನಡುಗೆರೆಯ ದಾರಿಯನ್ನು ಅಡ್ಡಗಟ್ಟುತ್ತಾನೆ. ಮೂರನೆಯವನು ಮೈಮೇಲೆ ಬಿದ್ದು ನಿಲ್ಲಿಸುತ್ತಾನೆ. ಕೆಲಸ ಮೂವರದು, ಅಂಕ ಒಂದು. ಅದನ್ನು ಒಬ್ಬನ ಹೆಸರಿಗೆ ಬರೆದಾಗ ಉಳಿದಿಬ್ಬರ ಕೆಲಸವು ಪಟ್ಟಿಯಿಂದ ಮಾಯವಾಗುತ್ತದೆ.

ಈ ತೊಡಕು ಕಬಡ್ಡಿಯೊಂದರದೇ ಅಲ್ಲ. ಮೈಗೆ ಮೈ ತಾಗಿಸಿ ಆಡುವ ಇನ್ನೊಂದು ತಂಡದ ಆಟವಾದ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿಯೂ ಇದು ತಲೆದೋರಿದೆ. 1859ರಲ್ಲಿ ಮೆಲ್ಬರ್ನಿನಲ್ಲಿ ನಿಯಮಗಳನ್ನು ಬರೆದ ಆ ಆಟದಲ್ಲಿ ಚೆಂಡನ್ನು ಒದ್ದುದನ್ನೂ ಮುಷ್ಟಿಯಿಂದ ಹೊಡೆದು ಸಾಗಿಸಿದುದನ್ನೂ ಕೂಡಿಸಿ ಆಟಗಾರನ ಮುಖ್ಯ ಲೆಕ್ಕವಾಗಿ ಬರೆಯುತ್ತಾರೆ. ಆದರೆ ಸಾಗಿಸಿದ ಚೆಂಡು ತನ್ನವನಿಗೆ ಸೇರಿತೋ ಎದುರಾಳಿಗೆ ಸೇರಿತೋ ಎಂಬುದನ್ನು ಆ ಮೊತ್ತವು ಹೇಳದು. ಆದುದರಿಂದ ಫಲಕಾರಿಯಾಗಿ ಸಾಗಿಸಿದುದನ್ನು ಅಲ್ಲಿ ಬೇರೆಯಾಗಿ ಎಣಿಸುತ್ತಾರೆ. ಎದುರಾಳಿಯೊಡನೆ ಹೆಣಗಾಡಿ ಪಡೆದ ಚೆಂಡಿಗೂ ಸುಲಭವಾಗಿ ದೊರೆತ ಚೆಂಡಿಗೂ ಭೇದವೆಣಿಸುತ್ತಾರೆ. ಎದುರಾಳಿಯ ಕೈಸೇರಲಿದ್ದ ಚೆಂಡನ್ನು ತಟ್ಟಿ ಕೆಡಿಸುವುದು, ಒದ್ದ ಚೆಂಡಿಗೆ ಮೈಯೊಡ್ಡುವುದು, ತನ್ನವನಿಗಾಗಿ ದಾರಿ ಕಾಯುವುದು ಇವೇ ಮೊದಲಾದ ಸಣ್ಣ ಕೆಲಸಗಳಿಗೂ ಅಲ್ಲಿ ಪ್ರತ್ಯೇಕವಾದ ಕಲಮುಂಟು. ಕಬಡ್ಡಿಯಲ್ಲಿ ಹಿಡಿತಕ್ಕೆ ನೆರವಾದವನ ಹೆಸರನ್ನೂ ಬರೆಯಬಾರದೆಂಬುದಕ್ಕೆ ಕಾರಣವಿಲ್ಲ.

ಇನ್ನು ಅಂಕಗಳ ವಿವೇಚನೆ. ಇಬ್ಬರು ದಾಳಿಗಾರರನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ ಇಪ್ಪತ್ತು ಸಲ ದಾಳಿಗೆ ಹೋದರು. ಮೊದಲನೆಯವನು 8 ದಾಳಿಗಳಲ್ಲಿ 10 ಅಂಕ ಗಳಿಸಿ, 6 ಸಲ ಸಿಕ್ಕಿಬಿದ್ದು, 6 ಸಲ ಬರಿಗೈಯಲ್ಲಿ ಹಿಂದಿರುಗಿದನು. ಎರಡನೆಯವನು 6 ದಾಳಿಗಳಲ್ಲಿ 7 ಅಂಕ ಗಳಿಸಿ, ಒಮ್ಮೆ ಮಾತ್ರ ಸಿಕ್ಕಿಬಿದ್ದು, 13 ಸಲ ಬರಿಗೈಯಲ್ಲಿ ಬಂದನು. ಪಟ್ಟಿಯಲ್ಲಿ ಮೊದಲನೆಯವನು ಮುಂದು. ಆದರೆ ಸಿಕ್ಕಿಬಿದ್ದ ಪ್ರತಿಯೊಂದು ಸಲವೂ ಎದುರಾಳಿಗೆ ಕನಿಷ್ಠ ಒಂದು ಅಂಕ ಹೋಗುವುದರಿಂದ, ಮೊದಲನೆಯವನ ನಿವ್ವಳ ಗಳಿಕೆ ಹೆಚ್ಚೆಂದರೆ 4, ಎರಡನೆಯವನದು 6. ಔಟಾಗದೆ ಉಳಿದ ಪ್ರಮಾಣವು ಮೊದಲನೆಯವನಿಗೆ ನೂರಕ್ಕೆ 70, ಎರಡನೆಯವನಿಗೆ 95.

ಹಾಗೆಂದು ಎರಡನೆಯವನೇ ಮೇಲೆಂದು ಕೂಡಲೇ ಹೇಳಲಾಗದು. ಈಗಿನ ಪದ್ಧತಿಯಲ್ಲಿ ತಂಡವೊಂದರ ಎರಡು ದಾಳಿಗಳು ಒಂದರ ಹಿಂದೆ ಒಂದರಂತೆ ಬರಿದಾದರೆ, ಮೂರನೆಯದರಲ್ಲಿ ಅಂಕ ತರಲೇಬೇಕು. ತಾರದಿದ್ದರೆ ದಾಳಿಗಾರನು ಔಟು. ಎರಡನೆಯವನ ಬರಿಗೈ ದಾಳಿಗಳ ಭಾರವನ್ನು ಮೂರನೆಯ ದಾಳಿಗೆ ಹೋದ ಜೊತೆಗಾರನು ಹೊತ್ತಿರಬಹುದು. ಮುನ್ನಡೆಯಲ್ಲಿರುವ ತಂಡಕ್ಕೆ ಕಾಲಹರಣವೇ ಲಾಭ. ಹಿನ್ನಡೆಯಲ್ಲಿರುವ ತಂಡಕ್ಕೆ ಅದೇ ನಷ್ಟ. ಒಂದೇ ಅಂಕಿಯು ಒಂದು ಸಂದರ್ಭದಲ್ಲಿ ಜಾಣತನವನ್ನೂ ಮತ್ತೊಂದರಲ್ಲಿ ಅಳುಕನ್ನೂ ಸೂಚಿಸಬಲ್ಲುದು.

2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡವು 38-33ರಿಂದ ಗುಜರಾತ್ ತಂಡವನ್ನು ಸೋಲಿಸಿ ಪ್ರಶಸ್ತಿ ಪಡೆದ ಅಂತಿಮ ಪಂದ್ಯದಲ್ಲಿ ಪವನ್ ಶೆರಾವತ್ ಅವರೊಬ್ಬರೇ 22 ಅಂಕಗಳನ್ನು ತಂದರು. ಇದು ಅಸಾಧಾರಣವಾದ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎಂತಹ ದಾಳಿಗಾರನೇ ಆಗಲಿ, ಔಟಾಗಿ ಕುಳಿತಾಗ ಅವನನ್ನು ಮರಳಿ ಅಂಕಣಕ್ಕೆ ತರುವವರು ಅವನ ಜೊತೆಗಾರರೇ. ಆ ಋಣವನ್ನು ಬರೆಯುವ ಕಲಮು ಪಟ್ಟಿಯಲ್ಲಿ ಇಲ್ಲ.

ಕೊನೆಯದಾಗಿ ಪಂದ್ಯಗಳ ಸಂಖ್ಯೆ. ಲೀಗಿನಲ್ಲಿ ಆಟಗಾರನಿಗೆ ಇಪ್ಪತ್ತಕ್ಕೂ ಹೆಚ್ಚು ಪಂದ್ಯಗಳು ದೊರೆಯಬಹುದು. ಸೋತವರು ಹೊರಹೋಗುವ ಊರಿನ ಪಂದ್ಯಾವಳಿಯಲ್ಲಿ ದುರ್ಬಲ ತಂಡದ ಉತ್ತಮ ಆಟಗಾರನಿಗೆ ದೊರೆಯುವುದು ಒಂದೇ ಪಂದ್ಯ. ಒಟ್ಟು ಅಂಕವನ್ನು ನೋಡಿದರೆ ಅವನಿಗೆ ಅನ್ಯಾಯ. ಸರಾಸರಿಯನ್ನು ನೋಡಿದರೆ ಒಂದು ಪಂದ್ಯದ ಸರಾಸರಿಗೆ ಆಧಾರ ಸಾಲದು.

ಇದರಿಂದ ಅಂಕಿ-ಅಂಶಗಳು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಇನ್ನಷ್ಟು ಎಚ್ಚರಿಕೆಯಿಂದ ಬರೆಯಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ. ಊರಿನ ಪಂದ್ಯದಲ್ಲಿಯೂ ಒಂದು ನೋಟುಪುಸ್ತಕ ಸಾಕು: ದಾಳಿಗಾರನಿಗೆ ಒಟ್ಟು ದಾಳಿ, ಮುಟ್ಟಿದ ಅಂಕ, ಬೋನಸ್ ಅಂಕ, ಬರಿದಾದುದು, ಸಿಕ್ಕಿಬಿದ್ದುದು, ರಕ್ಷಕನಿಗೆ ಹಿಡಿಯಲು ಯತ್ನಿಸಿದುದು, ಹಿಡಿದುದು, ಹಿಡಿತಕ್ಕೆ ನೆರವಾದುದು, ಎಲ್ಲರಿಗೂ ಆಡಿದ ಪಂದ್ಯಗಳ ಸಂಖ್ಯೆ. ಇಷ್ಟನ್ನು ಬರೆದಿಟ್ಟರೆ, ಮೂಲೆಯಲ್ಲಿ ನಿಂತು ದಾರಿ ಕಟ್ಟಿದ ಹುಡುಗನ ಹೆಸರಿನ ಮುಂದೆ ಸೊನ್ನೆಯಿರುವುದಿಲ್ಲ. ಆ ಪಟ್ಟಿಯನ್ನಷ್ಟೇ ನೋಡಬಲ್ಲವರಿಗೂ ಅವನ ಕೆಲಸ ಕಾಣುತ್ತದೆ.