ವಂಶವೃಕ್ಷ ಇರೋದು ಜಮೀನಿದ್ದವರಿಗೆ ಮಾತ್ರವಾ?

ಮೈಸೂರಿನಲ್ಲಿ ಯಾರನ್ನಾದರೂ ‘ವಂಶವೃಕ್ಷ’ದ ಬಗ್ಗೆ ಕೇಳಿ ನೋಡಿ. “ಪೌತಿ ಖಾತೆಗೆ ನಾಡಕಚೇರೀಲಿ ಮಾಡಿಸ್ತಾರಲ್ಲ, ಅದೇ ತಾನೇ?” ಅಂತಾರೆ. ಆಸ್ತಿಗೆ ಬೇಕಾದಾಗ ಮಾತ್ರ ನೆನಪಾಗುವ ಕಾಗದ ಅದು. ಹಾಗಾದರೆ ಆಸ್ತಿಯೇ ಇಲ್ಲದವರ ಹಿಂದಿನ ತಲೆಮಾರುಗಳನ್ನು ಹುಡುಕುವುದು ಎಲ್ಲಿ? ನನ್ನ ಮನೆಯವರ ಬಗ್ಗೆ ಹುಡುಕುತ್ತಾ, ಗೆಳೆಯರಿಗೂ ಹುಡುಕಿಕೊಡುತ್ತಾ ಕಂಡುಕೊಂಡಿದ್ದನ್ನು ಇಲ್ಲಿ ಹೇಳ್ತೀನಿ.

ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಜನಗಣತಿಯ ಮನೆಮನೆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಹಾಗಿಲ್ಲ. ಮೈಸೂರು ಸೀಮೆಯಲ್ಲಿ 1871ರಲ್ಲೇ ಜನಗಣತಿ ನಡೆದಿದ್ದರೂ ನಮಗೆ ಸಿಗುವುದು ಜಾತಿವಾರು ಲೆಕ್ಕ, ಮುತ್ತಜ್ಜನ ಹೆಸರಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವ್ಯಕ್ತಿಗಳ ವಿವರ ನೋಡುವಂತಿಲ್ಲ. ಹಾಗಾಗಿ ಉಳಿಯುವುದು ಕಂದಾಯದ ಕಡತ.

ಜಮೀನಿದ್ದ ಮನೆಯವರಿಗೆ ಇದು ಸಲೀಸು. ‘ಭೂಮಿ’ ವೆಬ್‌ಸೈಟಿನಲ್ಲಿ ಪಹಣಿ, ಮ್ಯುಟೇಶನ್ ಸಿಗುತ್ತವೆ. ಹಳೆಯ ಕೈಬರಹದವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಹಳ್ಳಿಗಳಲ್ಲಿ ಹೆಳವರು ಎತ್ತಿನೊಂದಿಗೆ ಬಂದು, ವಂಶಾವಳಿ ಹೇಳಿ, ದವಸ ಪಡೆಯುತ್ತಿದ್ದರು. ಅವರು ಹೇಳುತ್ತಿದ್ದುದೂ ತಮ್ಮ ಒಕ್ಕಲು ಮನೆಗಳ ಕತೆಯನ್ನೇ, ಇಡೀ ಊರಿನದ್ದನ್ನಲ್ಲ.

ಹಾಗಂತ ಉಳಿದವರ ದಾಖಲೆ ಇಲ್ಲವೇ ಇಲ್ಲ ಅಂತಲ್ಲ. ಅದು ಬೇರೆ ಕಡತದಲ್ಲಿರುತ್ತೆ. ಅಜ್ಜ ತೋಟಿ, ತಳವಾರ ಅಥವಾ ನೀರಗಂಟಿ ಆಗಿದ್ದರಾ? 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಇನಾಮು ಜಮೀನು ಮರುಮಂಜೂರಾದ ಕಡತ ಕೇಳಿ. ಗೇಣಿದಾರರಾಗಿದ್ದರಾ? 1974ರ ಭೂಸುಧಾರಣೆಯ ನಂತರ ಸಲ್ಲಿಸಿದ ಫಾರಂ 7, ಭೂನ್ಯಾಯಮಂಡಳಿಯ ಆದೇಶ ಹುಡುಕಿ. ದರಖಾಸ್ತಿನಲ್ಲಿ ಜಮೀನು ಸಿಕ್ಕಿತ್ತಾ? ಸಾಗುವಳಿ ಚೀಟಿ ನೋಡಿ. ಇದ್ಯಾವುದೂ ಇಲ್ಲದಿದ್ದರೆ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ಇದೆ. ಅದರಲ್ಲಿ ತಂದೆಯ ಹೆಸರು, ಜಾತಿ, ಊರು ಇರುತ್ತವೆ. ಹುಟ್ಟಿದ ದಿನವನ್ನು ಮಾತ್ರ ನಂಬಬೇಡಿ. ಎಷ್ಟೋ ಮಕ್ಕಳಿಗೆ ಜೂನ್ 1 ಅಂತ ಬರೆದುಕೊಂಡವರು ಮೇಷ್ಟ್ರು.

ಕಚೇರಿಯಲ್ಲಿ “ಬೇರೆಯವರ ವೈಯಕ್ತಿಕ ಮಾಹಿತಿ, ಕೊಡಕ್ಕಾಗಲ್ಲ” ಅಂದರೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಸೆಕ್ಷನ್ ತೋರಿಸಿ. 20 ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ಹುಡುಕಿದರೂ ಸುಲಭಕ್ಕೆ ಸಿಗದವರು ಹೆಂಗಸರು. ನಮ್ಮ ಕಂದಾಯ ದಾಖಲೆಗಳ ಭಾಷೆಯೇ ‘ಬಿನ್’ ಮತ್ತು ‘ಕೋಂ’: ಇಂಥವರ ಮಗ, ಇಂಥವರ ಹೆಂಡತಿ. ಹೆಂಡತಿಯ ಹೆಸರು ಬರುವುದು ಹೆಚ್ಚಾಗಿ ಗಂಡ ತೀರಿಕೊಂಡ ಮೇಲೆ. ಮಗಳ ಹೆಸರು ಎಷ್ಟೋ ಮನೆಗಳಲ್ಲಿ ಮೊದಲ ಬಾರಿ ಕಾಣಿಸುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ, ಹಕ್ಕು ಬಿಡುಗಡೆ ಪತ್ರದಲ್ಲಿ. ತನ್ನ ಪಾಲು ಬಿಟ್ಟುಕೊಟ್ಟಾಗಷ್ಟೇ ಆಕೆ ದಾಖಲೆಗೆ ಬರುತ್ತಾಳೆ.

ಅದಕ್ಕೇ ನಾನು ಹೇಳೋದು: ಕಚೇರಿಗೆ ಹೋಗೋ ಮೊದಲು ಅಜ್ಜಿ ಹತ್ತಿರ ಕೂತ್ಕೊಳ್ಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಇಸವಿ ಕೇಳಬೇಡಿ. “ನಿಮ್ಮಜ್ಜ ಕನ್ನಂಬಾಡಿ ಕಟ್ಟೆ ಕಟ್ಟೋವಾಗ ಇದ್ರಾ?”, “ಗಾಂಧಿ ಸತ್ತಾಗ ನೀವು ಎಷ್ಟು ದೊಡ್ಡೋರು?” ಅಂತ ಕೇಳಿ. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ, ಗಾಂಧಿ ಹತ್ಯೆ ಆಗಿದ್ದು 1948ರಲ್ಲಿ. ಲೆಕ್ಕ ನೀವೇ ಹಾಕ್ಕೋಬಹುದು. ಮನೆದೇವರು ಯಾವ ಊರಲ್ಲಿದೆ ಅಂತಲೂ ಕೇಳಿ. ವಲಸೆ ಬಂದ ಮನೆಗಳಿಗೆ ಎಷ್ಟೋ ಸಲ ಮೂಲ ಊರಿನ ಸುಳಿವು ಅದೊಂದೇ. ಕೊನೆಗೆ ಅಜ್ಜಿಯ ಅಮ್ಮನ ಹೆಸರು, ಅವರ ತವರೂರು ಕೇಳಿ, ಬರೆದಿಟ್ಟುಕೊಳ್ಳಿ. ಬಹುಶಃ ಆ ಹೆಸರನ್ನು ಕಾಗದದ ಮೇಲೆ ಬರೆದವರಲ್ಲಿ ನೀವೇ ಮೊದಲಿಗರಾಗಿರುತ್ತೀರಿ.