ಕೃಷ್ಣೆಯ ಗಾಳಿಯೂ ಹರಿಗೋಲೂ

ಸುರಪುರ ಸೀಮೆಯ ಕೆಂಭಾವಿಗೆ ಕಡಲು ಬಹುದೂರವಾದರೂ, ಅರಬ್ಬೀ ಸಮುದ್ರದಿಂದ ಹೊರಟು ಸಹ್ಯಾದ್ರಿಯನ್ನು ದಾಟಿ, ಆಷಾಢ ಶ್ರಾವಣಗಳಲ್ಲಿ ಈ ಬಯಲನ್ನು ಹೊಗುವ ಪಡುವಣ ಗಾಳಿಯು, ಆ ಸೀಮೆಯ ದಕ್ಷಿಣದಂಚಿನ ಕೃಷ್ಣಾ ನದಿಯಲ್ಲಿ ಅಂಬಿಗನ ಸಾಮರ್ಥ್ಯವನ್ನು ಪರೀಕ್ಷಿಸದೆ ಬಿಡುವುದಿಲ್ಲ.

ಇಲ್ಲಿಯ ನಾವೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಾಗಿ, ಚರ್ಮದ ಹೊದಿಕೆಯುಳ್ಳ ಇಂಥ ನಾವೆಗಳಲ್ಲಿ ಜನರೂ ಕುದುರೆಗಳೂ ಹೊಳೆ ದಾಟುತ್ತಿದ್ದುದನ್ನು ವರ್ಣಿಸಿರುವನು. ಅಡಿಮರವಾಗಲಿ ಚುಕ್ಕಾಣಿಯಾಗಲಿ ಇಲ್ಲದ ಈ ವರ್ತುಲಾಕಾರದ ನಾವೆಯು ಆಳವಿಲ್ಲದ, ಬಂಡೆಗಳಿಂದ ತುಂಬಿದ ಪಾತ್ರಕ್ಕೆ ಅತ್ಯಂತ ಯೋಗ್ಯವಾದುದಾದರೂ, ಬಿರುಗಾಳಿ ಬೀಸಿದೊಡನೆ ಗಿರಗಿರನೆ ತಿರುಗತೊಡಗುವುದು. ನದಿಯು ಮೂಡಣಕ್ಕೆ ಹರಿಯುವುದರಿಂದ, ಪ್ರವಾಹವೂ ಪಡುವಣ ಗಾಳಿಯೂ ಒಂದೇ ದಿಕ್ಕಿಗೆ ಅದನ್ನು ನೂಕುತ್ತವೆ. ಆದುದರಿಂದ ಬಲ್ಲ ಅಂಬಿಗನು ಗುರಿಯ ದಡಕ್ಕಿಂತ ಬಹಳ ಮೇಲಿನಿಂದ ಹೊರಟು, ಓರೆಯಾಗಿ ಸಾಗುತ್ತಾ, ಮುಂಭಾಗದಲ್ಲಿ ಹುಟ್ಟನ್ನು ತನ್ನೆಡೆಗೆ ಸೆಳೆದು ದಿಕ್ಕನ್ನು ಕಾಯುವನು. ಪ್ರಯಾಣಿಕರು ತಳದಲ್ಲಿ ಸಮಭಾರವಾಗಿ ಕುಳಿತು ನಿಶ್ಚಲರಾಗಿರಬೇಕು.

2014ರ ಮಳೆಗಾಲದಲ್ಲಿ ಹರಿಗೋಲಿನ ನೆರವೂ ಇಲ್ಲದೆ, ಕೃಷ್ಣೆಯ ನೀಲಕಂಠರಾಯನಗಡ್ಡಿಯೆಂಬ ನಡುಗಡ್ಡೆಯ ತುಂಬುಗರ್ಭಿಣಿಯೊಬ್ಬಳು ಒಣ ಸೋರೆಬುರುಡೆಗಳ ಆಸರೆಯಿಂದ ಈ ಪ್ರವಾಹವನ್ನು ಈಜಿ ದಾಟಬೇಕಾಯಿತು. ಆಕೆಯ ಧೈರ್ಯವು ಸ್ತುತ್ಯವಾದುದೇ. ಆದರೆ ಅಂಥ ಧೈರ್ಯವು ಅನಿವಾರ್ಯವಾದುದು ನಾಡಿಗೆ ಭೂಷಣವಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅಥವಾ ಗಾಳಿ ಪ್ರಬಲವಾಗಿದ್ದಾಗ ಹರಿಗೋಲನ್ನು ನೀರಿಗಿಳಿಸಬೇಡಿರಿ. ಉಳಿದ ದಿನಗಳಲ್ಲಿಯೂ ಜೀವರಕ್ಷಕ ಕವಚವಿಲ್ಲದೆ ಹತ್ತಬೇಡಿರಿ.