ಉಸಿರಿನ ಬಲ: ವಂಶವಾಹಿ, ಲಿಂಗಭೇದ ಮತ್ತು ಮುಂಬಯಿಯ ಗಾಳಿ

ಕನ್ನಡದಲ್ಲಿ ‘ಉಸಿರು’ ಎಂಬ ಮಾತಿಗೆ ಶ್ವಾಸವೆಂಬ ಅರ್ಥದೊಡನೆ ಜೀವವೆಂಬ ಅರ್ಥವೂ ಉಂಟು. ವೈದ್ಯವಿಜ್ಞಾನವು ಈ ಉಸಿರನ್ನು ಅಳೆಯುತ್ತದೆ. ಎದೆತುಂಬ ಗಾಳಿಯನ್ನು ಎಳೆದುಕೊಂಡು ಬಲವಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ, ಒಟ್ಟಾರೆ ಎಷ್ಟು ಬರುತ್ತದೆ ಎಂಬುದನ್ನು ಸ್ಪೈರೋಮೀಟರ್ ತೋರಿಸುತ್ತದೆ. ಈ ಸಂಖ್ಯೆಗಳನ್ನು ವಯಸ್ಸು, ಎತ್ತರ, ಲಿಂಗ ಇವುಗಳಿಗೆ ಸಲ್ಲುವ ಪ್ರಮಾಣದೊಡನೆ ಹೋಲಿಸುವುದು ರೂಢಿ. ಏಕೆಂದರೆ ಒಂದೇ ಎತ್ತರದ ಗಂಡು ಹೆಣ್ಣುಗಳಲ್ಲಿ ಹೆಣ್ಣಿನ ಶ್ವಾಸಕೋಶವು ಸರಾಸರಿಯಲ್ಲಿ ಚಿಕ್ಕದು. ಬಾಲ್ಯದಲ್ಲಿ ಹುಡುಗರನ್ನು ಹೆಚ್ಚಾಗಿ ಕಾಡುವ ಅಸ್ತಮಾ, ಹರೆಯ ಕಳೆದ ಮೇಲೆ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸುತ್ತದೆ ಎಂಬುದೂ ಗಮನಾರ್ಹ.

ಇದಕ್ಕೆಲ್ಲ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳೇ ಕಾರಣವೆಂದು ಮೇಲ್ನೋಟಕ್ಕೆ ತೋರಬಹುದು. ವಿಷಯ ಅಷ್ಟು ಸರಳವಲ್ಲ. ಬ್ರಿಟನ್ನಿನ ಯು.ಕೆ. ಬಯೋಬ್ಯಾಂಕಿನ ಮೂರು ಲಕ್ಷಕ್ಕೂ ಮಿಕ್ಕ ಜನರ ಮಾಹಿತಿಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಚ್‌ಎಚ್‌ಐಪಿ ಎಂಬ ವಂಶವಾಹಿಯ ಸಮೀಪದ ಒಂದು ವ್ಯತ್ಯಾಸವು ಶ್ವಾಸಕೋಶದ ಸಾಮರ್ಥ್ಯದ ಮೇಲೆ ಗಂಡಸರಲ್ಲಿ ಹೆಚ್ಚಿನ, ಹೆಂಗಸರಲ್ಲಿ ಕಡಿಮೆ ಪರಿಣಾಮ ಬೀರುವುದನ್ನು ಗುರುತಿಸಿತು. ಈ ವಂಶವಾಹಿಯು ಭ್ರೂಣದಲ್ಲಿ ಶ್ವಾಸನಾಳಗಳು ಕವಲೊಡೆಯುವ ಕ್ರಿಯೆಗೆ ಸಂಬಂಧಿಸಿದ್ದು. ಅದರ ನೆಲೆ 4ನೆಯ ವರ್ಣತಂತು. ಗಂಡು ಹೆಣ್ಣು ಇಬ್ಬರಲ್ಲಿಯೂ ಅದು ಸಮಾನವಾಗಿ ಇರತಕ್ಕದ್ದು. ಒಂದೇ ಧಾತುವು ಸೇರಿದ ಪ್ರತ್ಯಯಕ್ಕೆ ತಕ್ಕಂತೆ ಬೇರೆ ಬೇರೆ ಅರ್ಥವನ್ನು ಕೊಡುವಂತೆ, ಒಂದೇ ವಂಶವಾಹಿಯು ತಾನಿರುವ ದೇಹಕ್ಕೆ ತಕ್ಕಂತೆ ಬೇರೆ ಬೇರೆ ಫಲವನ್ನು ಕೊಡುತ್ತದೆ.

ಆದರೆ ಇಂಥ ಒಂದೊಂದು ವ್ಯತ್ಯಾಸದ ಪರಿಣಾಮವೂ ಅಲ್ಪ. ಅಧ್ಯಯನಕ್ಕೆ ಒಳಗಾದವರು ಯುರೋಪು ಮೂಲದವರು. ಅದರ ನಿರ್ಣಯವನ್ನು ಮುಂಬಯಿಗೆ ಹಾಗೆಯೇ ಅನ್ವಯಿಸಲಾಗದು. ಈ ನಗರದ ಉಸಿರನ್ನು ಇಲ್ಲಿಯೇ ಅಳೆಯಬೇಕೆಂಬ ಪ್ರಯತ್ನ ಹಳೆಯದು. 1970ರ ದಶಕದ ಕೊನೆಯಲ್ಲಿ ಡಾ. ಎಸ್. ಆರ್. ಕಾಮತ್ ಮತ್ತು ಅವರ ಸಂಗಡಿಗರು ಲಾಲ್‌ಬಾಗ್, ಚೆಂಬೂರು, ಖಾರ್ ಪ್ರದೇಶಗಳ ನಿವಾಸಿಗಳ ಆರೋಗ್ಯವನ್ನೂ ಅಲ್ಲಿಯ ಗಾಳಿಯ ಮಾಲಿನ್ಯವನ್ನೂ ಜೊತೆಯಾಗಿ ಪರಿಶೀಲಿಸಿದರು.

ಮುಂಬಯಿ ಕನ್ನಡಿಗರ ಬದುಕು ಇನ್ನೊಂದು ಎಚ್ಚರವನ್ನೂ ಕಲಿಸುತ್ತದೆ. ಒಲೆಯ ಹೊಗೆ ಹೆಂಗಸರ ಪಾಲಿನದೆಂದು ಭಾವಿಸುವುದುಂಟು. ದಕ್ಷಿಣ ಕನ್ನಡದಿಂದ ಬಂದು ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದ ಗಂಡಸರು ಅದೇ ಹೊಗೆಯನ್ನು ಕುಡಿದವರು. ಆದುದರಿಂದ ‘ಗಂಡು’, ‘ಹೆಣ್ಣು’ ಎಂದು ಅಂಕಿಗಳನ್ನು ವಿಂಗಡಿಸಿದಾಗ ದೇಹದ ಭೇದದೊಡನೆ ದುಡಿಮೆಯ ಭೇದವೂ ಅವುಗಳಲ್ಲಿ ಬೆರೆತಿರುತ್ತದೆ. ಇವೆರಡನ್ನೂ ಬೇರ್ಪಡಿಸದೆ ವಂಶವಾಹಿಯನ್ನು ಹೊಣೆಯಾಗಿಸುವುದು ಸಲ್ಲದು.

ಹೆಣ್ಣನ್ನು ‘ಅಬಲೆ’ ಎಂದು ಕರೆದ ಪರಂಪರೆ ನಮ್ಮದು. ಆಕೆಯ ಉಸಿರಿನ ಸಂಖ್ಯೆ ಚಿಕ್ಕದಾದರೆ ಅದು ದೌರ್ಬಲ್ಯವಲ್ಲ. ಆಕೆಯ ಅಳತೆಗೋಲಿನಲ್ಲಿ ಅದು ಪೂರ್ಣವಾಗಿರಬಹುದು. ಆದರೆ ಏದುಸಿರು ಬಂದಾಗ ಅದನ್ನು ಹೆಣ್ಣಿನ ಸಹಜ ಗುಣವೆಂದು ತಳ್ಳಿಹಾಕಿದರೆ ರೋಗವು ಪತ್ತೆಯಾಗದೆ ಉಳಿಯುತ್ತದೆ. ಭೇದವನ್ನು ಅರಿಯುವುದು ಚಿಕಿತ್ಸೆಗೆ ದಾರಿಯಾಗಬೇಕೇ ಹೊರತು ಉಪೇಕ್ಷೆಗೆ ನೆಪವಾಗಬಾರದು.